ಹಾಡು ಬೇರೆ, ಸೋಲೋ ಅದೇ: ಜಾಝ್ ಸ್ಟ್ಯಾಂಡರ್ಡ್ ನುಡಿಸುವವರಿಗೆ ದೋಷ ನಿವಾರಣೆ ಕೈಪಿಡಿ

ಹಾಡು ಯಾವುದೇ ಇರಲಿ, ಸೋಲೋ ಒಂದೇ. (ಸ್ಟ್ಯಾಂಡರ್ಡ್ ಅಂದರೆ ಜಾಝ್‌ನವರೆಲ್ಲ ನುಡಿಸುವ ಹಳೇ ಹಾಡು; ಸೋಲೋ ಅಂದರೆ ಅದರ ಮೇಲೆ ಆ ಕ್ಷಣಕ್ಕೆ ಕಟ್ಟಿ ನುಡಿಸುವುದು.) ‘ಆಟಮ್ ಲೀವ್ಸ್’ಗೆ ನುಡಿಸಿದ್ದನ್ನೇ ಆಚೀಚೆ ಸರಿಸಿ ‘ಆಲ್ ದ ಥಿಂಗ್ಸ್ ಯೂ ಆರ್’ಗೂ ನುಡಿಸುತ್ತೀರಿ. ನೋಟ್ ತಪ್ಪಿಲ್ಲ. ತಾಳ ತಪ್ಪಿಲ್ಲ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾದಾಗ ಕೈಯೂ ಸರಿಯಾಗಿ ಬದಲಾಗುತ್ತದೆ. ಆದರೂ ರೆಕಾರ್ಡ್ ಮಾಡಿಕೊಂಡು ಕೇಳಿದರೆ ಯಾರೋ ಮಗ್ಗಿ ಒಪ್ಪಿಸುತ್ತಿರುವ ಹಾಗಿದೆ.

ಈ ತೊಂದರೆಗೆ ಸಾಮಾನ್ಯವಾಗಿ ಎರಡು ಸಲಹೆ ಸಿಗುತ್ತವೆ. ‘ಇನ್ನೂ ಜಾಸ್ತಿ ಲಿಕ್ ಕಲಿ’ ಅನ್ನುವುದು ಒಂದು (ಲಿಕ್ ಅಂದರೆ ಕೈಗೆ ರೂಢಿಯಾದ ಸಿದ್ಧ ತುಣುಕು). ‘ಕಲಿತಿದ್ದೆಲ್ಲ ಮರೆತು ಮನಸ್ಸಿಗೆ ಬಂದದ್ದು ನುಡಿಸು’ ಅನ್ನುವುದು ಇನ್ನೊಂದು. ಎರಡೂ ಕೆಲಸಕ್ಕೆ ಬರುವುದಿಲ್ಲ. ಮೊದಲನೆಯದರಿಂದ ಸರಕು ಹೆಚ್ಚುತ್ತದೆ, ಅಷ್ಟೇ. ಎರಡನೆಯದನ್ನು ಮಾಡಲು ಹೋದರೆ ಮನಸ್ಸಿಗೆ ಬರುವುದೂ ಅದೇ ಲಿಕ್ಕೇ. ಕೈಗೆ ಬೇರೆ ದಾರಿ ಗೊತ್ತಿದ್ದರೆ ತಾನೇ?

ನಾನು ನೋಡಿದ ಮಟ್ಟಿಗೆ ಮೂಲ ಬೇರೆ ಕಡೆ ಇದೆ. ಹೆಡ್ (ಹಾಡಿನ ಮೂಲ ಟ್ಯೂನ್) ನುಡಿಸಿ ಮುಗಿಸಿದ ಕೂಡಲೇ ನಾವು ಹಾಡನ್ನೇ ಕೆಳಗಿಟ್ಟುಬಿಡುತ್ತೇವೆ. ಆಮೇಲೆ ಕಣ್ಣೆದುರು ಉಳಿಯುವುದು ಕಾರ್ಡ್‌ಗಳ ಪಟ್ಟಿ ಮಾತ್ರ. ‘ಇಲ್ಲೊಂದು ಟು-ಫೈವ್-ಒನ್, ಅಲ್ಲೊಂದು ಟು-ಫೈವ್-ಒನ್’ (ಜಾಝ್‌ನಲ್ಲಿ ಮತ್ತೆ ಮತ್ತೆ ಬರುವ ಮೂರು ಕಾರ್ಡ್‌ಗಳ ಸಾಲು). ಪಟ್ಟಿಗೆ ಉತ್ತರ ಕೊಡಬೇಕಾದರೆ ಲಿಕ್ ಬಿಟ್ಟು ಇನ್ನೇನು ಸಿಗುತ್ತದೆ? ಹಾಗಾಗಿ ಇಲ್ಲಿ ಹೇಳಿರುವ ರಿಪೇರಿಗಳೆಲ್ಲ ಸುತ್ತಿ ಬಳಸಿ ಬರುವುದು ಒಂದೇ ಜಾಗಕ್ಕೆ: ಹಾಡಿನ ಟ್ಯೂನ್‌ಗೆ.

ಸ್ಯಾಕ್ಸ್, ಗಿಟಾರ್, ಪಿಯಾನೋ, ಪಿಟೀಲು, ಯಾವುದಾದರೂ ಸರಿ. ಬೇಕಾಗುವುದು ಫೋನಿನ ರೆಕಾರ್ಡರ್, ಒಂದು ಮೆಟ್ರೋನೋಮ್, ಹಾಡಿನ ಚಾರ್ಟ್ (ಟ್ಯೂನ್, ಕಾರ್ಡ್ ಬರೆದಿರುವ ಹಾಳೆ), ಒಂದು ಪೆನ್ಸಿಲ್. ಉದಾಹರಣೆಗೆ ‘ಆಟಮ್ ಲೀವ್ಸ್’ ಅನ್ನೇ ಇಟ್ಟುಕೊಂಡಿದ್ದೇನೆ, ಜಿ ಮೈನರ್‌ನಲ್ಲಿ. ಎಲ್ಲರಿಗೂ ಬರುವ ಹಾಡು, ಎಲ್ಲರೂ ಸವೆಸಿರುವ ಹಾಡು. ಲಿಕ್ ಕಾಯಿಲೆ ಇಲ್ಲಿ ಕಾಣಿಸುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣಿಸುವುದಿಲ್ಲ.

ಇದು ನಿಜವಾಗಿ ದೋಷವೇ?

ಲಿಕ್ ಇದ್ದ ಮಾತ್ರಕ್ಕೆ ದೋಷ ಅಂತ ಅಲ್ಲ. ಥಾಮಸ್ ಓವೆನ್ಸ್ ಅನ್ನುವ ಸಂಶೋಧಕ 1974ರಲ್ಲಿ ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್ ಅವರ ರಾಶಿ ಸೋಲೋಗಳನ್ನು ಬಿಡಿಸಿ ನೋಡಿದರು. ಮತ್ತೆ ಮತ್ತೆ ಬರುವ ಸುಮಾರು ನೂರು ತುಣುಕುಗಳು ಸಿಕ್ಕವು. ಅಂದರೆ ಪಾರ್ಕರ್ ಹತ್ತಿರವೂ ಸಿದ್ಧ ಸರಕಿತ್ತು, ಅದೂ ಬೇಕಾದಷ್ಟು. ಆದರೆ ಅದೇ ಪಾರ್ಕರ್ 1947ರಲ್ಲಿ ‘ಎಂಬ್ರೇಸಬಲ್ ಯೂ’ ರೆಕಾರ್ಡ್ ಮಾಡಿದಾಗ ಆರು ನೋಟ್‌ಗಳ ಒಂದು ಪುಟ್ಟ ತುಣುಕಿನಿಂದ ಶುರು ಮಾಡುತ್ತಾರೆ. ಅದನ್ನೇ ಮತ್ತೆ ಹೇಳುತ್ತಾರೆ, ಸ್ವಲ್ಪ ಮೇಲೆ ಕೆಳಗೆ ಸರಿಸುತ್ತಾರೆ, ಬಾಲ ಬೆಳೆಸುತ್ತಾರೆ. ಸೋಲೋ ಆ ಬೀಜದಿಂದಲೇ ಹೊರಡುತ್ತದೆ. ಸರಕು ಅವರ ಮಾತು ಕೇಳುತ್ತಿತ್ತು. ನಮ್ಮ ಕೇಸಿನಲ್ಲಿ ನಾವು ಸರಕಿನ ಮಾತು ಕೇಳುತ್ತಿದ್ದೇವೆಯೇ ಅನ್ನುವುದು ಪ್ರಶ್ನೆ.

ತಿಳಿಯಲು ಹೀಗೆ ಮಾಡಿ. ಬ್ಯಾಕಿಂಗ್ ಟ್ರ್ಯಾಕ್ ಹಾಕಿಕೊಂಡು ಎರಡು ಕೋರಸ್ (ಹಾಡಿನ ಎರಡು ಪೂರ್ತಿ ಸುತ್ತು) ಸೋಲೋ ನುಡಿಸಿ ರೆಕಾರ್ಡ್ ಮಾಡಿ. ಆಗಲೇ ಕೇಳಬೇಡಿ. ಮಾರನೇ ದಿನ ಚಾರ್ಟ್ ಎದುರಿಗಿಟ್ಟುಕೊಂಡು ಕೇಳಿ. ‘ಇದನ್ನು ಬೇರೆ ಹಾಡಿನಲ್ಲೂ ಹೀಗೇ ನುಡಿಸುತ್ತೇನೆ’ ಅನಿಸಿದ ಜಾಗಕ್ಕೆಲ್ಲ ಅಡಿಗೆರೆ ಎಳೆಯಿರಿ. ಗೆರೆಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ನಿಮ್ಮ ಮಾತಿನ ಶೈಲಿ. ಎರಡೂ ಕೋರಸ್‌ನಲ್ಲಿ ಅವೇ ಬಾರ್‌ಗಳ (ನಾಲ್ಕೆಣಿಕೆಯ ಆವರ್ತಗಳ) ಕೆಳಗೆ ಗೆರೆ ಬಿದ್ದಿದ್ದರೆ ಮುಂದೆ ಓದಿ. ಸಾಮಾನ್ಯವಾಗಿ ಸಿ ಮೈನರ್, ಎಫ್ ಸೆವೆನ್ ಬರುವ ಮೊದಲೆರಡು ಬಾರ್‌ನಲ್ಲೇ ಒಂದು ಸಿಗುತ್ತದೆ. ಸಿ, ಡಿ, ಇ-ಫ್ಲ್ಯಾಟ್, ಎಫ್, ಡಿ, ಬಿ-ಫ್ಲ್ಯಾಟ್, ಸಿ ಅಂತ ನುಡಿಸಿ ನೋಡಿ. ಗುರುತು ಸಿಕ್ಕಿತು ಅಲ್ವಾ? ಜಗತ್ತಿನ ಜಾಝ್ ಕಾಲೇಜುಗಳಲ್ಲೆಲ್ಲ ‘ದ ಲಿಕ್’ ಅಂತಲೇ ತಮಾಷೆಗೆ ಗುರಿಯಾಗಿರುವುದು ಇದೇ.

ಟ್ರ್ಯಾಕ್ ತೆಗೆದು ನೋಡುವುದು

ಈಗ ಬ್ಯಾಕಿಂಗ್ ಟ್ರ್ಯಾಕ್ ನಿಲ್ಲಿಸಿ. ಮೆಟ್ರೋನೋಮ್ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಮಾತ್ರ ಬಡಿಯಲಿ. ಹೆಡ್ ನುಡಿಸದೆ ನೇರ ಸೋಲೋ ನುಡಿಸಿ, ಒಂದು ಕೋರಸ್. ಬ್ಯಾಂಡಿನ ಗೆಳೆಯರೊಬ್ಬರಿಗೆ ಆ ಆಡಿಯೋ ಕಳಿಸಿ, ‘ಯಾವ ಹಾಡು ಹೇಳಿ’ ಅಂತ ಕೇಳಿ.

ಹಾಡು ಗೊತ್ತಾಯಿತು ಅಂದರೆ ತೊಂದರೆ ಚಿಕ್ಕದು. ಲಯದ್ದೋ ವೇಗದ್ದೋ ಇರಬಹುದು, ಕೆಳಗೆ ಬರುತ್ತದೆ. ‘ಏನೋ ಮೈನರ್ ಟ್ಯೂನ್ ಇರಬೇಕು’ ಅಂತ ಉತ್ತರ ಬಂದರೆ ಹಾಡು ಸೋಲೋದಿಂದ ಪೂರ್ತಿ ಕಳಚಿದೆ.

ಇಲ್ಲಿ ಒಂದು ಎಚ್ಚರಿಕೆ. ಟ್ಯೂನ್ ಕಿವಿಗೆ ಕೇಳಿಸಲೇಬೇಕು ಅಂತ ನಾನು ಹೇಳುತ್ತಿಲ್ಲ. 1939ರಲ್ಲಿ ಸ್ಯಾಕ್ಸ್ ವಾದಕ ಕೋಲ್ಮನ್ ಹಾಕಿನ್ಸ್ ರೆಕಾರ್ಡ್ ಮಾಡಿದ ‘ಬಾಡಿ ಅಂಡ್ ಸೋಲ್’ ಕೇಳಿ. ಮೊದಲ ಕೆಲವು ಬಾರ್ ಬಿಟ್ಟರೆ ಅವರು ಟ್ಯೂನ್ ಕಡೆ ತಿರುಗಿಯೂ ನೋಡುವುದಿಲ್ಲ. ಆದರೂ ಆ ಸೋಲೋವನ್ನು ಬೇರೆ ಹಾಡಿನ ಮೇಲೆ ಕೂರಿಸಲು ಆಗುವುದಿಲ್ಲ. ನಿಮ್ಮದನ್ನು ಕೂರಿಸಬಹುದೇ? ಕೂರಿಸಬಹುದಾದರೆ ಅದೇ ದೋಷ.

ಬಾಯಿ ಮತ್ತು ಕೈ

ಇದು ಮುಖ್ಯ ಪರೀಕ್ಷೆ. ದೋಷ ಎಲ್ಲಿದೆ ಅಂತ ಇದರಲ್ಲೇ ಗೊತ್ತಾಗುವುದು. ವಾದ್ಯ ಪಕ್ಕಕ್ಕಿಡಿ. ಟ್ರ್ಯಾಕ್ ಹಾಕಿ, ಸೋಲೋವನ್ನು ಬಾಯಲ್ಲಿ ಹಾಡಿ. ದನಿ ಚೆನ್ನಾಗಿರಬೇಕಿಲ್ಲ. ಡ-ಬ-ಡ ಆದರೂ ಸರಿ, ಸರಿಗಮ ಆದರೂ ಸರಿ. ಆಮೇಲೆ ಹಾಡಿದ್ದನ್ನು ಎರಡೆರಡು ಬಾರ್ ಮಾಡಿಕೊಂಡು ವಾದ್ಯದಲ್ಲಿ ನುಡಿಸಿ.

ಬಾಯಲ್ಲಿ ಹೊಸದು ಬಂದು, ಕೈಯಲ್ಲಿ ಹಳೇ ಲಿಕ್ಕೇ ಬಂದರೆ ಕಿವಿ ಸರಿಯಿದೆ, ಕೈ ಮಾತ್ರ ಮುಂದೋಡುತ್ತಿದೆ. ಬಾಯಲ್ಲೂ ಲಿಕ್ಕೇ ಬಂದರೆ ಕಿವಿಗೇ ಅಭ್ಯಾಸ ಹತ್ತಿದೆ. ಬಾಯಿಂದ ಏನೂ ಹೊರಡದೆ ನಾಲ್ಕನೇ ಬಾರ್‌ಗೆ ತಡವರಿಸಿ ನಿಂತರೆ ಹಾಡೇ ಗೊತ್ತಿಲ್ಲ. ಮೂರನೆಯದು ಅವಮಾನ ಅನಿಸಬಹುದು. ಆದರೆ ವರ್ಷಗಟ್ಟಲೆ ಒಂದು ಹಾಡು ನುಡಿಸಿದವರಲ್ಲೂ ಇದೇ ಜಾಸ್ತಿ ಕಾಣುತ್ತದೆ, ಯಾಕೆಂದರೆ ಅವರು ನುಡಿಸಿರುವುದು ಚಾರ್ಟನ್ನು.

ಹಾಡೇ ಗೊತ್ತಿಲ್ಲದಿದ್ದರೆ

ಚಾರ್ಟ್ ಮುಚ್ಚಿಡಿ. ಹಾಡುಗಾರರ ರೆಕಾರ್ಡ್‌ನಿಂದ ಕಲಿಯಿರಿ. ‘ಆಟಮ್ ಲೀವ್ಸ್’ ಹುಟ್ಟಿದ್ದು ಜಾಝ್ ಆಗಿ ಅಲ್ಲ. 1945ರಲ್ಲಿ ಜೋಸೆಫ್ ಕೋಸ್ಮಾ ಟ್ಯೂನ್ ಕಟ್ಟಿದರು, ಸಾಹಿತ್ಯ ಫ್ರೆಂಚ್ ಕವಿ ಜಾಕ್ ಪ್ರೆವೇರ್ ಅವರದು. ಇಂಗ್ಲಿಷ್ ಸಾಹಿತ್ಯ ಬರೆದವರು ಜಾನಿ ಮರ್ಸರ್. ನ್ಯಾಟ್ ಕಿಂಗ್ ಕೋಲ್ ಹಾಡಿರುವುದನ್ನು ಕೇಳಿ. ಯಾವ ಪದದ ಮೇಲೆ ಭಾರ ಹಾಕುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ತಾಳದ ಹಿಂದೆ ಉಳಿಯುತ್ತಾರೆ ಅನ್ನುವುದು ಯಾವ ಚಾರ್ಟ್‌ನಲ್ಲೂ ಇಲ್ಲ.

ಸ್ಯಾಕ್ಸ್ ವಾದಕ ಲೆಸ್ಟರ್ ಯಂಗ್ ಹಾಡಿನ ಸಾಹಿತ್ಯ ಗೊತ್ತಿರಲೇಬೇಕು ಅನ್ನುತ್ತಿದ್ದರು. ಬಾಯಿಲ್ಲದ ವಾದ್ಯಕ್ಕೆ ಸಾಹಿತ್ಯ ಯಾಕೆ ಅನಿಸಬಹುದು. ಕರ್ನಾಟಕ ಸಂಗೀತದಲ್ಲಿ ವೀಣೆ, ಪಿಟೀಲು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃತಿಯ ಸಾಹಿತ್ಯ ಬಾರದೆ ಕೃತಿ ನುಡಿಸಿದರೆ ಗುರುಗಳು ಸುಮ್ನೆ ಬಿಡುತ್ತಾರೆಯೇ?

ಕಲಿತ ಮೇಲೆ ಟ್ಯೂನನ್ನು ಬೇರೆ ಬೇರೆ ಶ್ರುತಿಯಲ್ಲಿ ನುಡಿಸಿ, ಬರೆದುಕೊಳ್ಳದೆ. ತಡವರಿಸದೆ ಬಂದರೆ ಮುಂದೆ ಹೋಗಿ.

ಕೈ ಮುಂದೋಡುತ್ತಿದ್ದರೆ

ಕೈಗೆ ಪರಿಚಯದ ದಾರಿ ಕಂಡರೆ ಅದು ಕಾಯುವುದಿಲ್ಲ. ದಾರಿ ಕೆಡಿಸಿ. ಗಿಟಾರ್ ಆದರೆ ಒಂದೇ ತಂತಿಯ ಮೇಲೆ ಇಡೀ ಕೋರಸ್ ನುಡಿಸಿ. ಪಿಯಾನೋ ಆದರೆ ಬಲಗೈಯ ಎರಡೇ ಬೆರಳು. ಸ್ಯಾಕ್ಸ್ ಆದರೆ ಕೆಳಗಿನ ಡಿಯಿಂದ ಎವರೆಗೆ ಐದು ಸ್ವರದ ಜಾಗದಲ್ಲೇ ಇರಿ, ಹೊರಗೆ ಹೋಗಬೇಡಿ. ಇನ್ನೊಂದು ಉಪಾಯ ಶ್ರುತಿ ಬದಲಾಯಿಸುವುದು. ಜಿ ಮೈನರ್ ಬಿಟ್ಟು ಎಫ್-ಶಾರ್ಪ್ ಮೈನರ್‌ಗೆ ಬನ್ನಿ. ಅರ್ಧದಷ್ಟು ಲಿಕ್ಕುಗಳು ಅಲ್ಲೇ ಉದುರುತ್ತವೆ. ಉದುರಿದ್ದೆಲ್ಲ ಬೆರಳಿನ ನೆನಪು, ಕಿವಿಯದ್ದಲ್ಲ ಅಂತ ತಿಳಿಯಿರಿ.

ವೇಗವನ್ನೂ ನೋಡಿ. ಮೆಟ್ರೋನೋಮ್ ನಿಮಿಷಕ್ಕೆ 180ರಲ್ಲಿ ಇದ್ದಾಗ ಲಿಕ್ ಬಂದು, 90ರಲ್ಲಿ ಬರದೇ ಇದ್ದರೆ ನಿಮ್ಮ ಕಿವಿ ಇನ್ನೂ 180ಕ್ಕೆ ತಲುಪಿಲ್ಲ ಅಷ್ಟೇ. ಕಿವಿ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಇದಕ್ಕಿಂತ ಜಾಸ್ತಿ ಹೇಳುವುದು ಏನೂ ಇಲ್ಲ.

ಕಿವಿಗೇ ಅಭ್ಯಾಸ ಹತ್ತಿದ್ದರೆ

ಇಲ್ಲಿ ಸಮಯ ಹಿಡಿಯುತ್ತದೆ. ಕಿವಿಗೆ ‘ಇದು ಬೇಡ’ ಅಂದರೆ ಅದು ಕೇಳುವುದಿಲ್ಲ. ‘ಇದನ್ನು ಹಿಡಿ’ ಅಂತ ಬೇರೆ ಏನಾದರೂ ಕೊಡಬೇಕು. ಆ ಬೇರೆ ಏನಾದರೂ ಹಾಡಿನ ಟ್ಯೂನ್‌ನಲ್ಲೇ ಇದೆ. ಹತ್ತಿರದಿಂದ ನೋಡೋಣ.

‘ಆಟಮ್ ಲೀವ್ಸ್’ ಟ್ಯೂನ್ ಶುರುವಾಗುವುದು ಜಿ, ಎ, ಬಿ-ಫ್ಲ್ಯಾಟ್ ಅಂತ ಮೂರು ಮೆಟ್ಟಿಲು ಹತ್ತಿ, ಅಲ್ಲಿಂದ ಇ-ಫ್ಲ್ಯಾಟ್‌ಗೆ ಒಂದು ನೆಗೆತದಿಂದ. ಇ-ಫ್ಲ್ಯಾಟ್ ಮೇಲೆ ನಿಲ್ಲುತ್ತದೆ. ಆಮೇಲೆ ಅದೇ ಆಕಾರ ಒಂದು ಮೆಟ್ಟಿಲು ಕೆಳಗೆ: ಎಫ್, ಜಿ, ಎ, ನೆಗೆದು ಡಿ. ಇನ್ನೊಂದು ಮೆಟ್ಟಿಲು ಕೆಳಗೆ: ಇ-ಫ್ಲ್ಯಾಟ್, ಎಫ್, ಜಿ, ನೆಗೆದು ಸಿ. ಜಿಯನ್ನು ಷಡ್ಜ ಮಾಡಿಕೊಂಡು ಹಾಡಿದರೆ ಸರಿಗ–ದ, ನಿಸರಿ–ಪ, ದನಿಸ–ಮ. ದಾಟು ವರಸೆ ಹಾಡಿದವರಿಗೆ ಇದು ಪರಿಚಯದ ಓಟವೇ.

ಈಗ ನಿಲ್ಲುವ ನೋಟ್‌ಗಳನ್ನು ಮಾತ್ರ ನೋಡಿ. ಇ-ಫ್ಲ್ಯಾಟ್ ನಿಂತಿರುವುದು ಸಿ ಮೈನರ್ ಸೆವೆನ್ ಮೇಲೆ, ಅದರ ಮೂರನೇ ಸ್ವರ (ಕಾರ್ಡಿನ ಮೂಲ ಸ್ವರವನ್ನು ಒಂದು ಅಂತ ಎಣಿಸಿದರೆ). ಡಿ ನಿಂತಿರುವುದು ಬಿ-ಫ್ಲ್ಯಾಟ್ ಮೇಜರ್ ಸೆವೆನ್ ಮೇಲೆ, ಅದೂ ಮೂರನೆಯದೇ. ಸಿ ನಿಂತಿರುವುದು ಎ ಹಾಫ್-ಡಿಮಿನಿಶ್ಡ್ ಮೇಲೆ, ಮತ್ತೆ ಮೂರನೆಯದು. ನಡುವೆ ಬರುವ ಎಫ್ ಸೆವೆನ್‌ಗೆ ಇ-ಫ್ಲ್ಯಾಟ್ ಏಳನೆಯದು, ಇ-ಫ್ಲ್ಯಾಟ್ ಮೇಜರ್‌ಗೆ ಡಿ ಏಳನೆಯದು, ಡಿ ಸೆವೆನ್‌ಗೆ ಸಿ ಏಳನೆಯದು. ಕಾರ್ಡ್ ಎರಡು ಸಲ ಬದಲಾದರೆ ನೋಟ್ ಒಂದು ಸಲ ಇಳಿಯುತ್ತದೆ. ಇ-ಫ್ಲ್ಯಾಟ್, ಡಿ, ಸಿ, ಕೊನೆಗೆ ಜಿ ಮೈನರ್‌ಗೆ ಬಿ-ಫ್ಲ್ಯಾಟ್. ಕಾರ್ಡಿನ ಈ ಮೂರನೇ, ಏಳನೇ ಸ್ವರಗಳನ್ನು ಟೀಚರ್‌ಗಳು ‘ಗೈಡ್ ಟೋನ್’ ಅಂತ ಬೇರೆ ಪಾಠ ಮಾಡುತ್ತಾರಲ್ಲ, ಕೋಸ್ಮಾ ಅದನ್ನು ಟ್ಯೂನ್ ಒಳಗೇ ಇಟ್ಟಿದ್ದಾರೆ.

ಇನ್ನೂ ಒಂದಿದೆ. ನೆಗೆತಗಳನ್ನು ಮಾತ್ರ ತೆಗೆದುಕೊಳ್ಳಿ: ಬಿ-ಫ್ಲ್ಯಾಟ್‌ನಿಂದ ಇ-ಫ್ಲ್ಯಾಟ್, ಎಯಿಂದ ಡಿ, ಜಿಯಿಂದ ಸಿ. ಸಿ ಮೈನರ್ ಸೆವೆನ್‌ಗೆ ಬಿ-ಫ್ಲ್ಯಾಟ್ ಏಳನೆಯದು, ಇ-ಫ್ಲ್ಯಾಟ್ ಮೂರನೆಯದು. ಬಿ-ಫ್ಲ್ಯಾಟ್ ಮೇಜರ್ ಸೆವೆನ್‌ಗೆ ಎ ಏಳನೆಯದು, ಡಿ ಮೂರನೆಯದು. ಎ ಹಾಫ್-ಡಿಮಿನಿಶ್ಡ್‌ಗೆ ಜಿ ಏಳನೆಯದು, ಸಿ ಮೂರನೆಯದು. ಒಂದು ಕಾರ್ಡ್ ಯಾವುದು ಅಂತ ಕಿವಿಗೆ ಹೇಳುವುದು ಹೆಚ್ಚುಕಡಿಮೆ ಈ ಎರಡು ಸ್ವರಗಳೇ. ಅಂದರೆ ಪಿಯಾನೋ ಇಲ್ಲದೆ ಬರೀ ನೆಗೆತ ನುಡಿಸಿದರೂ ಹಾಡಿನ ಹಾರ್ಮನಿ ಕೇಳಿಸುತ್ತದೆ.

ಈ ಮೂರು ಮೆಟ್ಟಿಲು-ಒಂದು ನೆಗೆತದ ಆಕಾರವೇ ನಿಮ್ಮ ಸಾಮಗ್ರಿ. ಅದನ್ನು ಹೀಗೆಲ್ಲ ಮಾಡಬಹುದು.

ಒಂದು ಎಣಿಕೆ ತಡ ಮಾಡಿ. ಮೂಲದಲ್ಲಿ ಜಿ ಬರುವುದು ಹಿಂದಿನ ಬಾರ್‌ನ ಎರಡನೇ ಎಣಿಕೆಗೆ, ಇ-ಫ್ಲ್ಯಾಟ್ ಬೀಳುವುದು ಸರಿಯಾಗಿ ಒಂದಕ್ಕೆ. ಮೂರನೇ ಎಣಿಕೆಯಿಂದ ಶುರು ಮಾಡಿದರೆ ಬಿ-ಫ್ಲ್ಯಾಟ್ ಒಂದಕ್ಕೆ ಬಂದು, ಇ-ಫ್ಲ್ಯಾಟ್ ಎರಡಕ್ಕೆ ಬೀಳುತ್ತದೆ. ನೋಟ್ ಅವೇ, ಆದರೆ ಕೇಳುವವರು ಸ್ವಲ್ಪ ಮುಂದಕ್ಕೆ ಬಾಗುತ್ತಾರೆ. ತಿರುಗಿಸಿ: ಬಿ-ಫ್ಲ್ಯಾಟ್, ಎ, ಜಿ ಅಂತ ಇಳಿದು ಕೆಳಗಿನ ಡಿಗೆ ಹಾರಿ. ಸಿ ಮೈನರ್ ಮೇಲೆ ಡಿ ಒಂಬತ್ತನೆಯದು, ಚೆನ್ನಾಗಿ ತೇಲುತ್ತದೆ. ನೆಗೆತವನ್ನು ತುಂಬಿಸಿ: ಬಿ-ಫ್ಲ್ಯಾಟ್, ಸಿ, ಡಿ, ಇ-ಫ್ಲ್ಯಾಟ್. ಮೆಟ್ಟಿಲು ಬಿಟ್ಟು ನೆಗೆತ ಮಾತ್ರ ನುಡಿಸಿ, ಉಳಿದ ಜಾಗ ಖಾಲಿ ಬಿಡಿ. ಒಂದೊಂದನ್ನೂ ಇಡೀ ಕೋರಸ್ ಉದ್ದಕ್ಕೆ ನುಡಿಸಿದ ಮೇಲೆಯೇ ಇನ್ನೊಂದಕ್ಕೆ ಹೋಗಿ. ಬೇಜಾರಾಗುತ್ತದೆ. ಆ ಬೇಜಾರಿನ ಆಚೆಗೇ ಹೊಸದು ಬರುವುದು.

ಸ್ಯಾಕ್ಸ್ ವಾದಕ ಲೀ ಕೋನಿಟ್ಜ್ ಇದಕ್ಕೊಂದು ಕ್ರಮವನ್ನೇ ಮಾಡಿದ್ದರು. ಹತ್ತು ಮೆಟ್ಟಿಲು. ಮೊದಲನೆಯದರಲ್ಲಿ ಟ್ಯೂನ್ ಇದ್ದ ಹಾಗೇ. ಆಮೇಲೆ ಅಲ್ಲೊಂದು ಇಲ್ಲೊಂದು ನೋಟ್ ಸೇರಿಸುವುದು. ಹೀಗೆ ಸ್ವಲ್ಪ ಸ್ವಲ್ಪವೇ ದೂರ ಹೋಗಿ, ಹತ್ತನೆಯದಕ್ಕೆ ಪೂರ್ತಿ ಹೊಸ ಸಾಲು. 1927ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಈ ಮನುಷ್ಯ ಹೆಚ್ಚುಕಡಿಮೆ ಬದುಕಿಡೀ ಕೆಲವೇ ಸ್ಟ್ಯಾಂಡರ್ಡ್‌ಗಳನ್ನು ಮತ್ತೆ ಮತ್ತೆ ನುಡಿಸಿದರು. ಹಳಸಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದರಿಂದ ನೇರ ಹತ್ತಕ್ಕೆ ಹಾರುವುದು. ನಡುವಿನ ಎಂಟು ಮೆಟ್ಟಿಲು ಖಾಲಿ, ಅಲ್ಲಿಗೆ ಲಿಕ್ ಬಂದು ಕೂರುತ್ತದೆ. ನನ್ನ ಪ್ರಕಾರ ಮೂರು, ನಾಲ್ಕು, ಐದನೇ ಮೆಟ್ಟಿಲಲ್ಲೇ ಜಾಸ್ತಿ ಹೊತ್ತು ಇರಬೇಕು. ಕಚೇರಿಗೂ ಅಷ್ಟು ಸಾಕು.

ಒಂದೇ ಬೀಜದಿಂದ ದೊಡ್ಡ ಸೋಲೋ ಕಟ್ಟುವುದು ಹೇಗೆ ಅಂತ ಕೇಳಬೇಕಾದರೆ ಸ್ಯಾಕ್ಸ್ ವಾದಕ ಸೋನಿ ರಾಲಿನ್ಸ್ 1956ರಲ್ಲಿ ನುಡಿಸಿದ ‘ಬ್ಲೂ ಸೆವೆನ್’ ಹಾಕಿ. ಅದು ಬ್ಲೂಸ್, ಸ್ಟ್ಯಾಂಡರ್ಡ್ ಅಲ್ಲ. ಆದರೆ ಕೆಲಸದ ರೀತಿ ಇದೇ. 1958ರಲ್ಲಿ ಸಂಗೀತಗಾರ, ವಿಮರ್ಶಕ ಗುಂಥರ್ ಶುಲ್ಲರ್ ಅದನ್ನು ಬಾರ್ ಬಾರ್ ಬಿಡಿಸಿ ಒಂದು ಹೆಸರಾಂತ ಲೇಖನ ಬರೆದರು. ಅದನ್ನು ಓದಿ ರಾಲಿನ್ಸ್‌ಗೇ ಕಸಿವಿಸಿ ಆಯಿತಂತೆ. ನುಡಿಸುವಾಗ ಅವರು ಅಷ್ಟೆಲ್ಲ ಲೆಕ್ಕ ಹಾಕಿರಲಿಲ್ಲವಲ್ಲ. ಹಾಗಾಗಿ ಮೇಲಿನ ತಿರುಗಿಸುವುದು, ತುಂಬಿಸುವುದು ಎಲ್ಲಾ ಮನೆಯ ಅಭ್ಯಾಸಕ್ಕೆ. ವೇದಿಕೆಯಲ್ಲಿ ‘ಈಗ ತಿರುಗಿಸಬೇಕು’ ಅಂತ ಯೋಚಿಸಲು ಹೋಗಬೇಡಿ.

ನೋಟ್ ಹೊಸದು, ಆದರೂ ಹಳತೇ ಕೇಳಿಸುತ್ತಿದೆ

ಇದು ಆಗಾಗ ಕೈತಪ್ಪುವ ದೋಷ. ನೋಟ್‌ಗಳನ್ನೆಲ್ಲ ಬದಲಾಯಿಸಿರುತ್ತೀರಿ, ಆದರೂ ರೆಕಾರ್ಡ್‌ನಲ್ಲಿ ಅದೇ ಸೋಲೋ. ಹೀಗೆ ಮಾಡಿ: ರೆಕಾರ್ಡ್ ಹಾಕಿ, ನೋಟ್ ಬಿಟ್ಟು ಲಯ ಮಾತ್ರ ಚಪ್ಪಾಳೆ ತಟ್ಟಿ. ಪ್ರತಿ ವಾಕ್ಯವೂ ಒಂದನೇ ಎಣಿಕೆ ಆದ ಅರ್ಧಕ್ಕೆ ಶುರುವಾಗಿ, ಎಂಟೆಂಟು ನೋಟ್ ಓಡಿ, ಎರಡು ಬಾರ್‌ನ ಕೊನೆಗೆ ನಿಲ್ಲುತ್ತಿದೆಯೇ? ಹಾಗಾದರೆ ನಿಮ್ಮದು ನೋಟಿನ ಲಿಕ್ ಅಲ್ಲ, ಲಯದ ಲಿಕ್.

ಇದಕ್ಕೆ ನೆರವಲ್‌ಗಿಂತ ಒಳ್ಳೆ ಮದ್ದು ನನಗೆ ಗೊತ್ತಿಲ್ಲ. ನೆರವಲ್‌ನಲ್ಲಿ ಸಾಹಿತ್ಯದ ಸಾಲು ತಾಳದಲ್ಲಿ ಎಲ್ಲಿ ಕೂತಿದೆಯೋ ಬಹುಪಾಲು ಅಲ್ಲೇ ಇರುತ್ತದೆ, ಸ್ವರಸಂಚಾರ ಮಾತ್ರ ಬದಲಾಗುತ್ತದೆ. ಹಾಗೇ ಇಲ್ಲೂ ಮಾಡಿ. ಹಾಡಿನ ಒಂದು ಸಾಲಿನ ಲಯವನ್ನು ಇದ್ದ ಹಾಗೇ ಇಟ್ಟುಕೊಂಡು ನೋಟ್ ಬದಲಾಯಿಸುತ್ತಾ ಹೋಗಿ. ಮನಸ್ಸಿನಲ್ಲಿ ಆ ಸಾಲಿನ ಪದಗಳು ಓಡುತ್ತಿರಲಿ. ಹಾಡುಗಾರರು ಉಸಿರು ತೆಗೆದುಕೊಂಡ ಕಡೆ ನೀವೂ ನಿಲ್ಲಿ. ಆಮೇಲೆ ಉಲ್ಟಾ ಮಾಡಿ: ನೋಟ್‌ಗಳು ಟ್ಯೂನ್‌ನವೇ, ಅದೇ ಕ್ರಮದಲ್ಲಿ, ಲಯ ಮಾತ್ರ ನಿಮ್ಮದು.

ಖಾಲಿ ಜಾಗದ ಬಗ್ಗೆ ಒಂದು ಮಾತು. ಎರಡು ಬಾರ್ ನುಡಿಸಿ, ಎರಡು ಬಾರ್ ಸುಮ್ಮನಿರಿ. ಕೇಳಲು ಸುಲಭ, ಮಾಡಲು ಕಷ್ಟ, ಕೈ ತುರಿಸುತ್ತಿರುತ್ತದೆ. 1958ರ ‘ಸಮ್‌ಥಿಂಗ್ ಎಲ್ಸ್’ ಆಲ್ಬಂನಲ್ಲಿ ಇದೇ ‘ಆಟಮ್ ಲೀವ್ಸ್’ ಇದೆ, ಕ್ಯಾನನ್‌ಬಾಲ್ ಆಡರ್ಲಿ ಹೆಸರಿನಲ್ಲಿ ಬಂದದ್ದು. ಅದರಲ್ಲಿ ಮೈಲ್ಸ್ ಡೇವಿಸ್ ಮ್ಯೂಟ್ ಹಾಕಿದ ಟ್ರಂಪೆಟ್‌ನಲ್ಲಿ ಎಷ್ಟು ಕಡಿಮೆ ನುಡಿಸುತ್ತಾರೆ ಅಂತ ಕೇಳಿ. ಆಮೇಲೆ ಕ್ಯಾನನ್‌ಬಾಲ್ ಎಷ್ಟು ಜಾಸ್ತಿ ನುಡಿಸುತ್ತಾರೆ ಅಂತಲೂ ಕೇಳಿ. ಅವರ ಓಟದಲ್ಲಿ ಬ್ಲೂಸ್ ತುಂಬಿದೆ, ಬೀಬಾಪ್ (ಪಾರ್ಕರ್ ಶೈಲಿಯ ವೇಗದ ಜಾಝ್) ಸರಕೂ ಇದೆ, ಆದರೂ ಹಳಸಲು ಅನಿಸುವುದಿಲ್ಲ. ಕಡಿಮೆ ನುಡಿಸಿದರೆ ಮಾತ್ರ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕರ್ನಾಟಕ ಸಂಗೀತದಿಂದ ಬಂದವರಿಗೆ ಇಲ್ಲೊಂದು ಬೇರೆ ಗುಂಡಿ ಇದೆ. ಜಾಝ್ ಲಿಕ್ ಬಿಟ್ಟ ಕೂಡಲೇ ಆ ಜಾಗಕ್ಕೆ ಕಲ್ಪನಾಸ್ವರದ ಲೆಕ್ಕಾಚಾರ ಬಂದು ಕೂರುತ್ತದೆ. ಮೂರು ಸಲ ಹೇಳಿ ಒಂದನೇ ಎಣಿಕೆಗೆ ಮುಗಿಸುವ ಮುಕ್ತಾಯ ಬಂದರೆ ಕೇಳುವವರಿಗೆ ಖುಷಿ, ಚಪ್ಪಾಳೆಯೂ ಬೀಳುತ್ತದೆ. ಆದರೆ ಅದು ಈ ಹಾಡಿನಿಂದ ಹುಟ್ಟಿದ್ದಲ್ಲ, ಅದೂ ಸಿದ್ಧ ಸರಕೇ. ಒಮ್ಮೆ ಮಾಡಿದರೆ ಪರವಾಗಿಲ್ಲ.

ಸಿದ್ಧ ಸರಕನ್ನೇ ಎದುರಿಗಿಟ್ಟುಕೊಂಡು ಬಿಚ್ಚುವುದೂ ಒಂದು ದಾರಿ. ಕನ್ನಡ ಮನೆತನದ ಅಮೆರಿಕನ್ ಸ್ಯಾಕ್ಸ್ ವಾದಕ ರುದ್ರೇಶ್ ಮಹಾಂತಪ್ಪ 2015ರಲ್ಲಿ ‘ಬರ್ಡ್ ಕಾಲ್ಸ್’ ಅನ್ನುವ ಆಲ್ಬಂ ಮಾಡಿದರು. ಅದಕ್ಕಿಂತ ಮುಂಚೆ ಕದ್ರಿ ಗೋಪಾಲನಾಥ್ ಅವರ ಜೊತೆ 2008ರಲ್ಲಿ ‘ಕಿನ್ಸ್‌ಮೆನ್’ ಮಾಡಿದ್ದವರು ಇವರೇ. ‘ಬರ್ಡ್ ಕಾಲ್ಸ್’ನಲ್ಲಿ ಪಾರ್ಕರ್ ಅವರ ಟ್ಯೂನ್, ಸೋಲೋಗಳ ತುಣುಕುಗಳನ್ನು ತೆಗೆದುಕೊಂಡು, ಗುರುತೇ ಸಿಗದ ಹಾಗೆ ಲಯ ಮುರಿದು ಹೊಸ ರಚನೆ ಕಟ್ಟಿದ್ದಾರೆ. ನಿಮ್ಮ ಅಡಿಗೆರೆ ಬಿದ್ದ ಲಿಕ್ಕುಗಳಲ್ಲಿ ಒಂದನ್ನು ತೆಗೆದುಕೊಂಡು ಇದೇ ಕೆಲಸ ಮಾಡಿ ನೋಡಿ. ಎಂಟು ನೋಟ್ ಇದ್ದರೆ ಮೂರು ತೆಗೆದುಹಾಕಿ. ಉಳಿದ ಐದಕ್ಕೆ ಬೇರೆ ಬೇರೆ ಉದ್ದ ಕೊಡಿ.

ಎಲ್ಲಾ ಸರಿಯಾಯಿತು, ಕೊನೆಯ ಎಂಟು ಬಾರ್ ಮಾತ್ರ ಇಲ್ಲ

ರಿಪೇರಿ ಆದ ಮೇಲೂ ದೋಷ ಮರುಕಳಿಸುವ ಜಾಗ ಒಂದಿದೆ: 27 ಮತ್ತು 28ನೇ ಬಾರ್. ಅಲ್ಲಿಯವರೆಗೆ ಬಾರ್‌ಗೊಂದು ಕಾರ್ಡ್ ಇತ್ತು. ಇಲ್ಲಿ ಒಂದೊಂದು ಬಾರ್‌ಗೆ ಎರಡೆರಡು: ಜಿ ಮೈನರ್, ಸಿ ಸೆವೆನ್, ಎಫ್ ಮೈನರ್, ಬಿ-ಫ್ಲ್ಯಾಟ್ ಸೆವೆನ್, ಆಮೇಲೆ ಇ-ಫ್ಲ್ಯಾಟ್ ಮೇಜರ್. ಕೆಲವು ಚಾರ್ಟ್‌ಗಳಲ್ಲಿ ಸ್ವಲ್ಪ ಬೇರೆ ಇರುತ್ತದೆ. ಕಣ್ಣಿಗೆ ನಾಲ್ಕು ಕಾರ್ಡ್ ಕಂಡ ಕೂಡಲೇ ಕೈ ಗಾಬರಿಯಾಗಿ ನಾಲ್ಕಕ್ಕೂ ಉತ್ತರ ಕೊಡಲು ಹೊರಡುತ್ತದೆ. ಲಿಕ್ ವಾಪಸ್.

ಅಲ್ಲಿ ಒಂದೇ ನೋಟ್ ಹಿಡಿದು ನಿಲ್ಲಿ: ಜಿ. ಜಿ ಮೈನರ್‌ಗೆ ಅದು ಮೊದಲನೆಯದು, ಸಿ ಸೆವೆನ್‌ಗೆ ಐದನೆಯದು, ಎಫ್ ಮೈನರ್‌ಗೆ ಒಂಬತ್ತನೆಯದು, ಬಿ-ಫ್ಲ್ಯಾಟ್ ಸೆವೆನ್‌ಗೆ ಹದಿಮೂರನೆಯದು, ಇ-ಫ್ಲ್ಯಾಟ್‌ಗೆ ಮೂರನೆಯದು. ನೀವು ಕದಲಲಿಲ್ಲ, ಆದರೆ ಕೆಳಗೆ ಕಾರ್ಡ್ ಜಾರಿದ ಹಾಗೆಲ್ಲ ಆ ಜಿಯ ಬಣ್ಣ ಬದಲಾಗುತ್ತದೆ. ಬೇಸ್ ವಾದಕರಿಗೂ ಖುಷಿಯಾಗುತ್ತದೆ, ಅವರ ಸಾಲು ಈಗಲಾದರೂ ಕೇಳಿಸಿತಲ್ಲ. ಇದು ಗಟ್ಟಿಯಾದ ಮೇಲೆ ಜಿ ಸುತ್ತ ಒಂದೆರಡು ನೋಟ್ ಸೇರಿಸಿ, ಅದಕ್ಕಿಂತ ಜಾಸ್ತಿ ಬೇಡ.

ಸರಿಯಾಗಿದೆಯೇ ಅಂತ ನೋಡುವುದು

ಟ್ರ್ಯಾಕ್ ಇಲ್ಲದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಈ ಸಲ ಬೇರೆ ಗೆಳೆಯರಿಗೆ ಆಡಿಯೋ ಕಳಿಸಿ. ಹಾಡು ಗೊತ್ತಾದರೆ ‘ಆಟಮ್ ಲೀವ್ಸ್’ ಮಟ್ಟಿಗೆ ಕೆಲಸ ಆಯಿತು.

ಆಮೇಲೆ ‘ಆಲ್ ದ ಥಿಂಗ್ಸ್ ಯೂ ಆರ್’ ತೆಗೆಯಿರಿ. 1939ರಲ್ಲಿ ಜೆರೋಮ್ ಕರ್ನ್ ಕಟ್ಟಿದ ಟ್ಯೂನ್. ಅದರಲ್ಲೂ ಉದ್ದ ನೋಟ್‌ಗಳು ಬಹುಪಾಲು ಕಾರ್ಡಿನ ಮೂರನೆಯದರ ಮೇಲೆಯೇ ನಿಲ್ಲುತ್ತವೆ. ಎಫ್ ಮೈನರ್ ಮೇಲೆ ಎ-ಫ್ಲ್ಯಾಟ್, ಬಿ-ಫ್ಲ್ಯಾಟ್ ಮೈನರ್ ಮೇಲೆ ಡಿ-ಫ್ಲ್ಯಾಟ್, ಇ-ಫ್ಲ್ಯಾಟ್ ಸೆವೆನ್ ಮೇಲೆ ಜಿ. ಹಾಗಾಗಿ ಕೈಗೆ ಆಸೆ ಹುಟ್ಟುತ್ತದೆ. ಮೂರು ಮೆಟ್ಟಿಲು-ಒಂದು ನೆಗೆತ ಇಲ್ಲೂ ಕೂರುತ್ತದಲ್ಲ ಅಂತ. ಕೂರುತ್ತದೆ. ನುಡಿಸಿದರೆ ಅದು ನಿಮ್ಮ ಹೊಸ ಲಿಕ್. ಈ ಹಾಡಿನ ಆಕಾರ ಬೇರೆ: ಮೊದಲು ನಿಂತ ನೋಟಿನಿಂದ ನೆಗೆತ, ಆಮೇಲೆ ಜಿಯನ್ನು ಒಂದೇ ಸಮನೆ ತಟ್ಟುವುದು. ಒಂದೇ ನೋಟನ್ನು ಮತ್ತೆ ಮತ್ತೆ ತಟ್ಟಿ ಸೋಲೋ ಶುರು ಮಾಡಲು ಧೈರ್ಯ ಬೇಕು. ಮೊದಲ ಕೋರಸ್ ಅಲ್ಲಿಂದ ಹೊರಡಿ, ರೆಕಾರ್ಡರ್ ಆನ್ ಮಾಡಿಕೊಂಡು.